ಕಡಿಮೆ ಸೈನ್ಯದ ಕಡೆಗೆ ಕಷ್ಟ ಆದರೂ ಆಡಬಹುದಾದ ಯುದ್ಧ ಸನ್ನಿವೇಶ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ಟರ್ನ್-ಬೇಸ್ಡ್ (ಸರದಿಯಂತೆ ಆಡುವ) ಸ್ಟ್ರಾಟಜಿ ಗೇಮ್‌ಗೆ ಒಂದು ಐತಿಹಾಸಿಕ ಚಾಲೆಂಜ್ ಮಾಡ್ತಿದ್ದೇನೆ. ಸಣ್ಣ ಸೈನ್ಯವೊಂದು ನದಿಯ ದಾಟುಜಾಗ ಹಿಡಿದು 15 ಟರ್ನ್ ನಿಲ್ಲಬೇಕು. ಶತ್ರುವಿನ ಬಲ ಸ್ವಲ್ಪ ಏರಿಸಿದರೆ ಯಾರ ಕೈಲೂ ಆಗಲ್ಲ. ಇಳಿಸಿದರೆ ಎಲ್ಲರೂ ಸಲೀಸಾಗಿ ಗೆಲ್ಲುತ್ತಾರೆ. ಏನು ಮಾಡಲಿ?

ಉತ್ತರ 1: ಮೊದಲು ಬಲದ ಅಂಕಿ ಮುಟ್ಟೋದು ಬಿಡಿ. ಸಿವಿಲೈಸೇಶನ್ 6 ಅನ್ನೋ ಸ್ಟ್ರಾಟಜಿ ಗೇಮ್‌ನ ಲೆಕ್ಕ ನೋಡಿ. ಸಮಬಲದ ಎರಡು ಯೂನಿಟ್ (ಸೈನ್ಯದ ತುಕಡಿ) ಕೈಕೈ ಮಿಲಾಯಿಸಿದರೆ 100 ಅಂಕದ ಜೀವದಲ್ಲಿ ಇಬ್ಬರಿಗೂ ಸುಮಾರು 30 ಪೆಟ್ಟು. ಬಲದಲ್ಲಿ ಬರೀ 10 ವ್ಯತ್ಯಾಸ ಬಂದರೆ ಒಬ್ಬನಿಗೆ 45ರ ಹತ್ತಿರ, ಇನ್ನೊಬ್ಬನಿಗೆ 20. ಮೂರು ಏಟಿಗೆ ಒಬ್ಬ ಸತ್ತೇ ಹೋಗಿರುತ್ತಾನೆ, ಇನ್ನೊಬ್ಬನಲ್ಲಿ ಸುಮಾರು 40 ಉಳಿದಿರುತ್ತದೆ. ನಿಮ್ಮ ಸಣ್ಣ ಬದಲಾವಣೆ ಆಟವನ್ನೇ ತಿರುಗಿಸುತ್ತಿರೋದು ಇದಕ್ಕೇ.

ಅದೇ ಆಟದಲ್ಲಿ ನದಿಯಾಚೆಯಿಂದ ಹೊಡೆಯುವವನಿಗೆ 5 ಕಡಿತ, ಗುಡ್ಡದ ಮೇಲೆ ಕಾಯುವವನಿಗೆ 3 ಜಾಸ್ತಿ. ಎರಡೂ ಸೇರಿದರೆ 8. ಈ 8 ಆಟಗಾರನಿಗೆ ಸುಮ್ನೆ ಸಿಗಬಾರದು, ಸರಿಯಾದ ಜಾಗ ಹುಡುಕಿ ನಿಂತರೆ ಮಾತ್ರ ಸಿಗಬೇಕು.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಮ್ಯಾಪ್‌ನ ಒಂದು ಮನೆಗೆ ಒಂದೇ ಯೂನಿಟ್ ಅನ್ನೋ ನಿಯಮ ಇದ್ದರೆ (ಸಿವಿಲೈಸೇಶನ್ ಸರಣಿಗೆ ಇದು 2010ರ ಸಿವಿಲೈಸೇಶನ್ 5ರಿಂದ ಬಂದದ್ದು) ದಾಟುಜಾಗದಲ್ಲಿ ಒಬ್ಬ ಗಟ್ಟಿಗ ನಿಂತರೆ ಸಾಕು, ಹಿಂದಿನ ಇಡೀ ಸೈನ್ಯ ಸಾಲಾಗಿ ಕಾಯುತ್ತಾ ನಿಲ್ಲುತ್ತದೆ. ಅಲ್ಲಿ ಯುದ್ಧವೇ ಇಲ್ಲ, ಅಲ್ವಾ? ದಾಟುಜಾಗ ಎರಡು ಮಾಡಿ, ಸೈನ್ಯ ಒಂದೂವರೆ ದಾಟುಜಾಗಕ್ಕೆ ಸಾಲುವಷ್ಟೇ ಕೊಡಿ. ಪ್ರತಿ ಟರ್ನ್‌ನಲ್ಲೂ ಮೀಸಲು ಪಡೆ ಯಾವ ಕಡೆಗೆ ಅನ್ನೋ ತೀರ್ಮಾನ ತಾನಾಗಿ ಬರುತ್ತದೆ.

ಉತ್ತರ 2: ಮೇಲಿನ ಮಾತಿಗೆ ನನ್ನ ಒಪ್ಪಿಗೆ ಇದೆ. ಜೊತೆಗೆ ಹಿಂದೆ ಸರಿಯೋಕೂ ಅವಕಾಶ ಇಡಿ. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆಯಲ್ಲಿ ಕಾರ್ಥೇಜ್‌ನ ಸೇನಾಪತಿ ಹ್ಯಾನಿಬಲ್‌ನ ಸೈನ್ಯ ರೋಮನ್ನರಿಗಿಂತ ಚಿಕ್ಕದು. ಅವನ ನಡುಸಾಲು ಮುರಿಯದೆ ಹಿಂದೆ ಸರಿಯಿತು, ರೋಮನ್ನರು ಒಳಗೆ ನುಗ್ಗಿದರು, ಆಗ ಹ್ಯಾನಿಬಲ್‌ನ ಪಡೆಗಳು ಅವರನ್ನು ಎರಡೂ ಪಕ್ಕದಿಂದ, ಹಿಂದಿನಿಂದ ಸುತ್ತುವರಿದವು. ಯೂನಿಟ್ ಸಾಯುವವರೆಗೂ ನಿಂತಲ್ಲೇ ಹೊಡೆದಾಡುವ, ಪಕ್ಕದಿಂದ ಹೊಡೆದರೂ ವ್ಯತ್ಯಾಸವಿಲ್ಲದ ಆಟದಲ್ಲಿ ಇದು ಹುಟ್ಟೋದೇ ಇಲ್ಲ. ಫೀಲ್ಡ್ ಆಫ್ ಗ್ಲೋರಿ 2 ಅನ್ನೋ ಯುದ್ಧದ ಗೇಮ್‌ನಲ್ಲಿ ಗೆದ್ದ ಯೂನಿಟ್ ಓಡುವವರ ಬೆನ್ನು ಹತ್ತಿ ಸಾಲು ಬಿಟ್ಟು ಹೋಗಬಹುದು. ಆ ಒಂದು ಸಂದಿಯಿಂದಲೇ ಎಷ್ಟೋ ಆಟ ತಿರುಗುತ್ತದೆ. ನನಗೆ ತುಂಬಾ ಇಷ್ಟವಾದ ನಿಯಮ ಅದು.

ಉತ್ತರ 3: ಗೆಲುವು-ಸೋಲು ಎರಡೇ ಇಡಬೇಡಿ. 1994ರ ಪ್ಯಾಂಜರ್ ಜನರಲ್ ಗೇಮ್‌ನಲ್ಲಿ ಬೇಗ ಗುರಿ ಮುಟ್ಟಿದರೆ ದೊಡ್ಡ ಗೆಲುವು, ತಡವಾದರೆ ಚಿಕ್ಕದು. ಉಳಿದ ಯೂನಿಟ್‌ಗಳು ಅನುಭವದ ಸಮೇತ ಮುಂದಿನ ಯುದ್ಧಕ್ಕೂ ಬರುತ್ತವೆ, ಹಾಗಾಗಿ ಸೈನಿಕರನ್ನು ಉಳಿಸೋದಕ್ಕೂ ಬೆಲೆ ಇದೆ. ನಿಮ್ಮಲ್ಲಿ 10 ಟರ್ನ್ ನಿಂತರೂ ಏನಾದರೂ ಸಿಗಲಿ. ಪೂರ್ತಿ 15 ನಿಂತು ಅರ್ಧ ಸೈನ್ಯ ಉಳಿಸಿದವರಿಗೆ ದೊಡ್ಡ ಗೆಲುವು ಕೊಡಿ. ಹೊಸಬರಿಗೂ ಪಳಗಿದವರಿಗೂ ಒಂದೇ ಮ್ಯಾಪ್ ಸಾಕಾಗುತ್ತದೆ.

ಉತ್ತರ 4: ದಾಳಿಗೆ ಮುಂಚೆಯೇ ಎಷ್ಟು ಪೆಟ್ಟು ಬೀಳಬಹುದು ಅಂತ ತೋರಿಸಿ. ಯಾಕೆ ಸೋತೆ ಅಂತ ಗೊತ್ತಾದವರು ಮತ್ತೆ ಆಡುತ್ತಾರೆ. ಮತ್ತೆ, ಶತ್ರುವಿನ ಕುದುರೆಪಡೆ ಯಾವ ದಾಟುಜಾಗಕ್ಕೆ ಬರುತ್ತದೆ ಅನ್ನೋದು ಪ್ರತಿ ಸಲ ಬದಲಾಗಲಿ. ಆದರೆ ಬರುವ ಎರಡು ಟರ್ನ್ ಮುಂಚೆ ದೂರದಲ್ಲಿ ಕಾಣಿಸಿಕೊಳ್ಳಲಿ.