ಜನರೇಟಿವ್ ಆರ್ಟ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೆಳಿಗ್ಗೆ ಬೋರ್ಡ್ ಪ್ರಿಂಟಿಗೆ ಹೋಗುತ್ತೆ)

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಹಳೇ ಕಂಪ್ಯೂಟರ್ ಚಿತ್ರಗಳ ಒಂದು ಸಣ್ಣ ಪ್ರದರ್ಶನಕ್ಕೆ ಗೋಡೆಬರಹ ಅನುವಾದ ಮಾಡುತ್ತಿದ್ದೇನೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಜನರೇಟಿವ್ ಆರ್ಟ್, ಅಂದರೆ ಕಲಾವಿದರು ಬರೆದ ನಿಯಮದಂತೆ ಯಂತ್ರ ಬಿಡಿಸುವ ಚಿತ್ರ. 'ಉತ್ಪಾದಕ ಕಲೆ' ಅಂತ ಬರೆದೆ. ಓದಿದವರೆಲ್ಲ 'ಹಾಲು ಉತ್ಪಾದಕರ ಸಹಕಾರ ಸಂಘ' ನೆನಪಾಯ್ತು ಅಂದರು. 'ಸೃಜನಶೀಲ' ಅನ್ನೋಣ ಅಂದರೆ ಅದು ಆಗಲೇ ಕ್ರಿಯೇಟಿವ್‌ಗೆ ಹೋಗಿದೆ.

ಎರಡನೆಯದು ವ್ಯೂವರ್. ಚಿತ್ರಕ್ಕೆ ಅರ್ಥ ಬರುವುದು ವ್ಯೂವರ್‌ನಿಂದ ಅನ್ನುವ ಸಾಲಿದೆ. ಅದರ ಪಕ್ಕಕ್ಕೆ ಬರುವುದು ಜರ್ಮನಿಯ ಗೇಯೋರ್ಗ್ ನೇಸ್ 1960ರ ದಶಕದಲ್ಲಿ ಮಾಡಿದ 'ಶೋಟರ್', ಅಂದರೆ ಜಲ್ಲಿ. ಅಡ್ಡಕ್ಕೆ 12, ಕೆಳಕ್ಕೆ 22 ಚೌಕಗಳು. ಮೇಲಿನ ಸಾಲು ನೀಟಾಗಿದೆ. ಕೆಳಗೆ ಬರ್ತಾ ಬರ್ತಾ ಚೌಕಗಳು ಓರೆಯಾಗಿ, ಜರುಗಿ, ಕೊನೆಗೆ ಚೆಲ್ಲಾಪಿಲ್ಲಿ. ಪ್ರೋಗ್ರಾಮಿನಲ್ಲಿ 'ಬೀಳು' ಅನ್ನೋ ಮಾತೇ ಇಲ್ಲ. ಒಂದೊಂದು ಸಾಲು ಇಳಿದಂತೆ ಚೌಕ ಎಷ್ಟು ತಿರುಗಬಹುದು, ಎಷ್ಟು ಸರಿಯಬಹುದು ಅನ್ನೋ ಮಿತಿ ಜಾಸ್ತಿ ಆಗುತ್ತೆ, ಅಷ್ಟೇ. ಆದರೂ ನೋಡಿದವರು 'ಗೋಡೆ ಕುಸೀತಿದೆ' ಅಂತಾರೆ. ಆ ಕುಸಿತ ತಂದವರು ಅವರೇ ಅಲ್ವಾ?

ಪ್ರೇಕ್ಷಕ, ವೀಕ್ಷಕ, ನೋಡುಗ, ಸಹೃದಯ. ಯಾವುದು ಹಾಕಲಿ? ಬೆಳಿಗ್ಗೆ 10ಕ್ಕೆ ಫೈಲ್ ಕೊಡಬೇಕು.

ಮೈಸೂರಿನಿಂದ:

ಇದ್ದ ಪದ ಬಿಟ್ಟು ಊರೆಲ್ಲ ಹುಡುಕುವುದೇಕೆ? 'ಜನಕ ಕಲೆ.' ಸಂಗೀತದಲ್ಲಿ ಮೂಲ ರಾಗಕ್ಕೆ ಜನಕರಾಗ, ಅದರಿಂದ ಹುಟ್ಟಿದ್ದಕ್ಕೆ ಜನ್ಯರಾಗ ಅನ್ನುತ್ತೇವೆ. 17ನೇ ಶತಮಾನದಲ್ಲಿ ಸಂಗೀತಶಾಸ್ತ್ರಜ್ಞ ವೆಂಕಟಮಖಿ ಮಾಡಿದ್ದು ಇದನ್ನೇ. ಸ್ವರಗಳನ್ನು ನಿಯಮದಂತೆ ಜೋಡಿಸುತ್ತಾ ಹೋದ, 72 ಮೇಳ, ಅಂದರೆ ಜನಕರಾಗ, ಬಂದವು. ಅವನ ಕಾಲಕ್ಕೆ ಬಳಕೆಯಲ್ಲಿದ್ದವು ಕೆಲವೇ. ಉಳಿದವು ನಿಯಮದಿಂದ ಹುಟ್ಟಿ, ಹಾಡುವವರಿಗಾಗಿ ಕಾದಿದ್ದವು. ಹಾಗೇ ಇಲ್ಲಿ ಪ್ರೋಗ್ರಾಂ ಜನಕ, ಗೋಡೆಯ ಮೇಲಿರುವುದು ಜನ್ಯ. ಜನರೇಟ್‌ನಲ್ಲಿರುವ ಲ್ಯಾಟಿನ್ 'ಗೆನ್' ನಮ್ಮ 'ಜನ್' ಧಾತುವಿನ ದಾಯಾದಿ. ಇದಕ್ಕಿಂತ ಹತ್ತಿರದ ಪದ ಸಿಗದು.

ವ್ಯೂವರ್‌ಗೆ 'ಸಹೃದಯ'. ಅದರಲ್ಲಿ ಚರ್ಚೆಯೇ ಇಲ್ಲ.

ತುಮಕೂರಿನಿಂದ:

ಜನಕ ಅಂದರೆ ಸೀತೆಯ ಅಪ್ಪ. ಬೋರ್ಡ್ ಓದುವವರೆಲ್ಲ ಸಂಗೀತದ ಜೂನಿಯರ್ ಪಾಸ್ ಮಾಡಿರಲ್ಲ ಸ್ವಾಮಿ.

ಡ್ಯಾಲಸ್‌ನಿಂದ:

ಸಂಸ್ಕ್ರುತದ ಗೊಡವೆಯೇ ಬೇಡ. 'ತಾನಾಗಿ ಮೂಡುವ ಕಲೆ' ಅನ್ನಿ. ವ್ಯೂವರ್‌ಗೆ 'ನೋಡುಗ', ಅರ‍್ತಕ್ಕೆ 'ಹುರುಳು'. 'ಚಿತ್ರದ ಹುರುಳು ನೋಡುಗನಲ್ಲಿದೆ.' ಮುಗಿಯಿತು. ಬಾಶೆ ಮಂದಿಯದು, ಪಂಡಿತರದಲ್ಲ.

ತುಮಕೂರಿನಿಂದ:

'ತಾನಾಗಿ ಮೂಡುವ ಕಲೆ.' ಚರ್ಮದ ಡಾಕ್ಟರ ಕ್ಲಿನಿಕ್ಕಿಗೆ ಒಳ್ಳೇ ಬೋರ್ಡು. ಮುಖದ ಮೇಲೋ ಬೆನ್ನ ಮೇಲೋ ಅಂತ ಕೆಳಗೆ ಬರೀಬೇಕಾಗುತ್ತೆ. ಆಮೇಲೆ, 'ಅರ್ಥ'ದ ಮಹಾಪ್ರಾಣ ತೆಗೆದರೆ ಮಂದಿಗೆ ಏನು ಸಿಕ್ಕಂತಾಯ್ತೋ ಗೊತ್ತಾಗಲಿಲ್ಲ.

ಧಾರವಾಡದಿಂದ:

'ಉತ್ಪಾದಕ' ಅಂದ್ರ ಯಾಕ ನಗ್ತೀರಿ? ಭಾಷಾವಿಜ್ಞಾನಿ ಚಾಮ್‌ಸ್ಕಿಯ 'ಜನರೇಟಿವ್' ವ್ಯಾಕರಣಕ್ಕ ನಾವು ಕ್ಲಾಸಿನ್ಯಾಗ 'ಉತ್ಪಾದಕ ವ್ಯಾಕರಣ' ಅಂತನ ಹೇಳಿಕೋತ ಬಂದೀವಿ. ನೇಸ್‌ನ ಚಿತ್ರಗಳನ್ನ 1965ರಾಗ ಸ್ಟುಟ್‌ಗಾರ್ಟ್‌ನ್ಯಾಗ ತೋರಿಸಿದ ತತ್ವಜ್ಞಾನಿ ಮ್ಯಾಕ್ಸ್ ಬೆನ್ಸ 'ಜನರೇಟಿವ್' ಅಂದಾಗ ಅವನ ತಲಿಯೊಳಗ ಇದ್ದದ್ದೂ ಆ ವ್ಯಾಕರಣದ ಹೋಲಿಕೆನ. ಹಾಲಿನ ಸಂಘದವರು ಪದ ಬಳಸ್ಯಾರಂತ ನಾವು ಬಿಡಬೇಕೇನು?

ಸಾಗರದಿಂದ:

ಬೆಂಗಳೂರಿನ ಮೇಡಂ, ಇವರ ಜಗಳ ಬೆಳಿಗ್ಗೆ ಹತ್ತಕ್ಕೆ ಮುಗಿಯಲ್ಲ. ನನ್ನದೊಂದು ಮಾತು.

'ತಾನಾಗಿ' ಅನ್ನೋದು ತಪ್ಪು, ಚರ್ಮದ ವಿಷಯ ಹಾಗಿರಲಿ. ನಿಯಮ ಬರೆದದ್ದು ನೇಸ್. ಎಷ್ಟನ್ನು ಆಕಸ್ಮಿಕಕ್ಕೆ ಬಿಡಬೇಕು ಅಂತ ತೀರ್ಮಾನಿಸಿದ್ದೂ ಅವನೇ. ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ ಎಳೆ. ಎಳೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಕಟ್ಟಳೆ ಇದೆ. ಅದನ್ನ ಯಾರೂ ತಾನಾಗಿ ಮೂಡಿದ್ದು ಅನ್ನಲ್ಲ. ತಮಿಳುನಾಡಿನ ರಂಗೋಲಿ ಕೋಲವನ್ನು ಮದ್ರಾಸಿನ ಗಿಫ್ಟ್ ಸಿರೋಮನಿ ಮತ್ತು ಜೊತೆಯವರು 1970ರ ದಶಕದಲ್ಲೇ ವ್ಯಾಕರಣದ ಸೂತ್ರಗಳಾಗಿ ಬರೆದು ತೋರಿಸಿದ್ದಾರೆ. ಹಾಗಾಗಿ ಪದದಲ್ಲಿ ಬರಬೇಕಾದ್ದು ಹುಟ್ಟಲ್ಲ, ನಿಯಮ.

'ಸಹೃದಯ' ನನಗೂ ಇಷ್ಟದ ಪದ. ಆದರೆ ಇಲ್ಲಿ ಕೂರಲ್ಲ. ಕವಿಯ ಹೃದಯಕ್ಕೆ ಸಮನಾದ ಹೃದಯ ಉಳ್ಳವನು ಸಹೃದಯ. ಬೆಲ್ ಲ್ಯಾಬ್ಸ್‌ನ ಮೈಕಲ್ ನಾಲ್ 1960ರ ದಶಕದಲ್ಲಿ ಒಂದು ಪರೀಕ್ಷೆ ಮಾಡಿದ. ಡಚ್ ಕಲಾವಿದ ಮೊಂಡ್ರಿಯಾನನ 1917ರ ಗೆರೆಚಿತ್ರ ಒಂದು, ಅದನ್ನು ಹೋಲುವ ಕಂಪ್ಯೂಟರ್ ಚಿತ್ರ ಒಂದು. ಎರಡರ ಪ್ರತಿಯನ್ನೂ 100 ಜನರ ಮುಂದಿಟ್ಟ. 59 ಜನಕ್ಕೆ ಹಿಡಿಸಿದ್ದು ಕಂಪ್ಯೂಟರಿನದು. ಯಾವುದು ಕಂಪ್ಯೂಟರಿನದು ಅಂತ ಸರಿಯಾಗಿ ಗುರುತಿಸಿದವರು 28 ಜನ ಮಾತ್ರ. ಆ 59 ಜನ ಯಾರ ಹೃದಯಕ್ಕೆ ಸಮವಾದರು? ಚೌಕಗಳ ಚಿತ್ರದಲ್ಲೂ ಹಾಗೇ. ನಾನು ಕುಸಿಯುವ ಗೋಡೆ ನೋಡಿದೆ, ಪಕ್ಕದವರು ಗಾಳಿಗೆ ಹಾರಿದ ಕಾಗದ ನೋಡಬಹುದು. ನೇಸ್ ಮನಸ್ಸಿನಲ್ಲಿ ಏನಿತ್ತು ಅನ್ನೋದರ ಜೊತೆ ತಾಳೆ ಆಗಬೇಕು ಅಂತೇನಿಲ್ಲ.

ಮಿಕ್ಕವುಗಳಲ್ಲಿ 'ವೀಕ್ಷಕ' ಟಿವಿಯವರದು, ಚುನಾವಣೆಯವರದು. 'ಪ್ರೇಕ್ಷಕ' ಅಂದರೆ ನಾಟಕ, ಸಿನಿಮಾ. ನಿಮ್ಮ ಬೋರ್ಡಿಗೆ 'ನೋಡುವವರು' ಸಾಕು. 'ನೋಡುಗ' ಬೇಡ, ಹೆಂಗಸರೂ ಬರ್ತಾರೆ.

ತಲೆಬರಹಕ್ಕೆ ಒಂದೇ ಪದ ಬೇಕು ಅನ್ನೋ ಹಟ ಬಿಡಿ. 'ನಿಯಮದಿಂದ ಹುಟ್ಟಿದ ಚಿತ್ರಗಳು' ಅಂತ ಬರೀರಿ. ಕೆಳಗೆ: 'ಕಲಾವಿದರು ನಿಯಮ ಬರೆಯುತ್ತಾರೆ. ಯಂತ್ರ ಚಿತ್ರ ಬಿಡಿಸುತ್ತದೆ. ಅದು ಏನು ಅನ್ನುವುದನ್ನು ನೋಡುವವರು ಹೇಳುತ್ತಾರೆ.'

ಮೈಸೂರಿನಿಂದ:

ಪದ ಕೇಳಿದರೆ ಪ್ರಬಂಧ ಕೊಡುವುದು ಹೊಸ ಚಾಳಿ. ನಿಯಮ ಬರೆದದ್ದು ನೇಸ್ ಅಂತ ನೀವೇ ಹೇಳಿದಿರಿ. ಹಾಗಾದರೆ ಆ ಕಡೆ ಹೃದಯ ಇಲ್ಲ ಅನ್ನುವುದು ಹೇಗೆ? ಸರಸ್ವತಿಯ ತತ್ವಕ್ಕೆ ಕಾವ್ಯಮೀಮಾಂಸಕ ಅಭಿನವಗುಪ್ತ 'ಕವಿಸಹೃದಯ' ಅಂತ ಒಂದೇ ಹೆಸರು ಇಟ್ಟ. ಬಿಡಿಸಿ ನೋಡುವುದೇ ತಪ್ಪು.

ಡ್ಯಾಲಸ್‌ನಿಂದ:

'ನಿಯಮ', 'ಚಿತ್ರ', 'ಯಂತ್ರ'. ಮೂರು ಸಾಲಿಗೆ ಮೂರು ಎರವಲು. 'ಕಟ್ಟಳೆ' ಅಂತ ನೀವೇ ಬರೆದು ಬೋರ್ಡಿಗೆ ಯಾಕೆ 'ನಿಯಮ' ಕೊಟ್ಟಿರಿ? 12ನೇ ನೂರ‍್ಮಾನದಲ್ಲೇ ಕವಿ ನಯಸೇನ ಹೇಳಿದ್ದಾನೆ, ಕನ್ನಡಕ್ಕೆ ಸಕ್ಕದ (ಸಂಸ್ಕ್ರುತ) ಬೆರೆಸೋದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ.

ಧಾರವಾಡದಿಂದ:

ಅವ ಬರೆದದ್ದು ತುಪ್ಪ, ಎಣ್ಣಿ ಅಲ್ರೀ. 'ಘೃತ', 'ತೈಲ'. ಎರಡೂ ಸಂಸ್ಕೃತ. ಪದ್ಯ ಪೂರಾ ಓದಿ ಆಮ್ಯಾಲೆ ಸಾಕ್ಷಿಗೆ ಕರೀರಿ.

ಡ್ಯಾಲಸ್‌ನಿಂದ:

ಓದಿದ್ದೇನೆ. ಅದು ಅವನ ಕುಹಕ.

ತುಮಕೂರಿನಿಂದ:

ಕುಹಕವೂ ಸಂಸ್ಕೃತ.

ಬೆಂಗಳೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಸಾಗರದವರ ಮೂರು ಸಾಲು ಹಾಕಿದೆ. 'ನಿಯಮ' ಹಾಗೇ ಇರಲಿ, 'ಕಟ್ಟಳೆ' ಅಂದರೆ ಮಠದ ವಿಷಯ ಅಂದ್ಕೋತಾರೆ. ಕೊನೇದಾಗಿ ಒಂದು: ಈ ಚಿತ್ರಗಳನ್ನ ಪೆನ್ನು ಹಿಡಿದು ಕಾಗದದ ಮೇಲೆ ಬಿಡಿಸಿದ ಯಂತ್ರ, ಪ್ಲಾಟರ್. ಅದಕ್ಕೇನು ಬರೀಲಿ?

ಸಾಗರದಿಂದ:

ಪ್ಲಾಟರ್.

ಮೈಸೂರಿನಿಂದ:

ರೇಖಾಲೇಖಕ.

ಡ್ಯಾಲಸ್‌ನಿಂದ:

ಗೆರೆಯೆಳೆಕ.