ಪ್ರಶ್ನೋತ್ತರ: ಒಬ್ಬರಿಗೆ ಬ್ಯಾಲೆಟ್ ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಗಂಡ-ಹೆಂಡತಿ ಆಸ್ಟ್ರೇಲಿಯಾಕ್ಕೆ ಹೋಗೋದು ಹೇಗೆ?

ಸಲಹೆಗಾರ್ತಿ, ಮೆಲ್ಬೋರ್ನ್: ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ನೋಂದಾಯಿತ ಮೈಗ್ರೇಶನ್ ಏಜೆಂಟ್. ಊರು ಸಾಗರ. ಇವತ್ತು ಸಂಜೆ ತನಕ 462 ವೀಸಾ, ಅಂದರೆ ಒಂದು ವರ್ಷ ಇಲ್ಲಿ ತಿರುಗಾಡಿಕೊಂಡು ಕೆಲಸವನ್ನೂ ಮಾಡೋಕೆ ಬಿಡೋ ವರ್ಕ್ ಅಂಡ್ ಹಾಲಿಡೇ ವೀಸಾ ಬಗ್ಗೆ ಏನಿದ್ದರೂ ಕೇಳಿ. ಅದಕ್ಕೂ ಮುಂಚೆ ಇಷ್ಟು ಓದಿಕೊಳ್ಳಿ. ಭಾರತದವರಿಗೆ ಇದರ ಮೊದಲ ಬ್ಯಾಲೆಟ್, ಅಂದರೆ ಲಾಟರಿ, ತೆರೆದಿದ್ದು 2024ರ ಅಕ್ಟೋಬರ್‌ನಲ್ಲಿ. ವರ್ಷಕ್ಕೆ 1000 ಜಾಗ ಮಾತ್ರ. 25 ಆಸ್ಟ್ರೇಲಿಯನ್ ಡಾಲರ್ (ಮುಂದೆಯೂ ಡಾಲರ್ ಅಂದರೆ ಇದೇ) ಕಟ್ಟಿ ಬ್ಯಾಲೆಟ್‌ಗೆ ಹೆಸರು ಹಾಕಬೇಕು. ಹೆಸರು ಬಂದರೆ 28 ದಿನದೊಳಗೆ ವೀಸಾಗೆ ಅರ್ಜಿ. ವಯಸ್ಸು 18ರಿಂದ 30. ಮೊದಲ ಸಲ ಎರಡೇ ವಾರದಲ್ಲಿ ಸುಮಾರು 40,000 ಜನ ಹೆಸರು ಹಾಕಿದ್ದರು. ಅದನ್ನು ತಲೆಯಲ್ಲಿ ಇಟ್ಟುಕೊಂಡು ಪ್ಲ್ಯಾನ್ ಮಾಡಿ.

ಹಾಸನ ಹುಡುಗ: ಮೇಡಂ, ನಾನು ಅಪ್ಲೈ ಮಾಡಿ ಹೆಂಡ್ತಿನ ಡಿಪೆಂಡೆಂಟ್ ಆಗಿ ಸೇರಿಸಬಹುದಾ?

ಸಲಹೆಗಾರ್ತಿ: ಆಗಲ್ಲ. ಈ ವೀಸಾದಲ್ಲಿ ಡಿಪೆಂಡೆಂಟ್ ಅನ್ನೋದೇ ಇಲ್ಲ. ಗಂಡ-ಹೆಂಡತಿ ಅಂತ ಜೋಡಿ ಹೆಸರು ಹಾಕೋಕೂ ಆಗಲ್ಲ. ಇಬ್ಬರೂ ಬೇರೆ ಬೇರೆ ಬ್ಯಾಲೆಟ್‌ಗೆ ಹಾಕಬೇಕು, ಬೇರೆ ಬೇರೆ ಅರ್ಜಿ ಕೊಡಬೇಕು. 2025ರ ಜುಲೈನಿಂದ ವೀಸಾ ಫೀ 670 ಡಾಲರ್, ಅದೂ ತಲಾ.

ತುಮಕೂರು ತಿರುಗಾಟ: ನಮ್ಮನೆಯವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದೆ. ಪ್ಯಾನ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಅವರಪ್ಪನ ಪೂರ್ತಿ ಹೆಸರು ಬಂದಿದೆ. ತೊಂದರೆ ಆಗುತ್ತಾ ಮೇಡಂ?

ಸಲಹೆಗಾರ್ತಿ: ಒಳ್ಳೆ ಪ್ರಶ್ನೆ. ನಮ್ಮ ಕಡೆಯವರಲ್ಲಿ ಅರ್ಧಕ್ಕರ್ಧ ಜನರದ್ದು ಇದೇ ಕಥೆ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು. ಭಾರತದವರು ಬ್ಯಾಲೆಟ್‌ಗೆ ಪಾಸ್‌ಪೋರ್ಟ್ ಜೊತೆ ಪ್ಯಾನ್ ವಿವರವನ್ನೂ ಕೊಡಬೇಕು. ಫಾರಂನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಇರಲಿ. ಸರ್‌ನೇಮ್ ಖಾಲಿ ಇದೆ ಅಂತ ನೀವೇ ಒಂದು ಸೇರಿಸಬೇಡಿ. ಬ್ಯಾಲೆಟ್ ತೆರೆಯೋ ಮುಂಚೆ ಪ್ಯಾನ್ ತಿದ್ದಿಸಿಕೊಂಡರೆ ನಿಮಗೇ ನೆಮ್ಮದಿ.

ಕುಂದಾಪುರ ಕಡಲು: ಅಕ್ಕ, ತುಂಬಾ ಗಾಬರಿಯಲ್ಲಿ ಬರೀತಿದ್ದೇನೆ. ನನಗೆ 28, ಇವರಿಗೆ 29. ಇಬ್ಬರೂ ಬಿಇ. ಮದುವೆಯಾಗಿ ಆರು ತಿಂಗಳು. ಇಬ್ಬರೂ ಬ್ಯಾಲೆಟ್‌ಗೆ ಹಾಕಿದ್ವಿ. ನನಗೆ ಬಂತು, ಇವರಿಗೆ ಬರಲಿಲ್ಲ. 28 ದಿನದಲ್ಲಿ 9 ದಿನ ಮುಗೀತು. ಬೆಂಗಳೂರಿನ ಒಬ್ಬ ಏಜೆಂಟ್ ಹೇಳ್ತಾರೆ: ‘ನಿಮ್ಮ ಫಾರಂನಲ್ಲಿ ಸಿಂಗಲ್ ಅಂತ ಹಾಕಿ, ಬೇಗ ಆಗುತ್ತೆ. ಗಂಡನ್ನ ಆಮೇಲೆ ಟೂರಿಸ್ಟ್ ವೀಸಾದಲ್ಲಿ ಕರೆಸೋಣ. ಅಲ್ಲಿ ಕ್ಯಾಶ್ ಕೆಲಸ ಸಿಗುತ್ತೆ. ಮೂರು ತಿಂಗಳಾದ ಮೇಲೆ ಅಲ್ಲೇ ಸ್ಟೂಡೆಂಟ್ ವೀಸಾಗೆ ಬದಲಾಯಿಸೋಣ.’ ಎರಡೂವರೆ ಲಕ್ಷ ಕೇಳ್ತಿದ್ದಾರೆ. ಅಡ್ವಾನ್ಸ್ ನಾಳೆ ಕೊಡಬೇಕು. ಏನು ಮಾಡ್ಲಿ?

ಸಲಹೆಗಾರ್ತಿ: ಅಡ್ವಾನ್ಸ್ ಕೊಡಬೇಡಿ. ಉಳಿದದ್ದು ಆಮೇಲೆ, ಮೊದಲು ಇದು.

ಈಗ ಒಂದೊಂದಾಗಿ ಹೇಳ್ತೇನೆ. ಮನೆಯವರನ್ನೂ ಕೂರಿಸಿಕೊಂಡು ಓದಿ.

ಸಿಂಗಲ್ ಅಂತ ಯಾವ ಕಾರಣಕ್ಕೂ ಹಾಕಬೇಡಿ. ಮದುವೆಯಾದವರಿಗೆ ಈ ವೀಸಾ ಕೊಡಲ್ಲ ಅನ್ನೋ ನಿಯಮವೇ ಇಲ್ಲ. ಹಾಗಾಗಿ ಆ ಸುಳ್ಳಿನಿಂದ ನಿಮಗೆ ನಯಾಪೈಸೆ ಲಾಭ ಇಲ್ಲ. ನಷ್ಟ ಮಾತ್ರ ದೊಡ್ಡದು. ಸುಳ್ಳು ಮಾಹಿತಿ ಕೊಟ್ಟಿದ್ದು ಗೊತ್ತಾದರೆ ಅರ್ಜಿ ಹೋಗುತ್ತೆ, ಮೇಲೆ 3 ವರ್ಷ ಬೇರೆ ವೀಸಾಗೂ ಅಡ್ಡಿ ಬರಬಹುದು. ನಾಳೆ ನಿಮ್ಮ ಯಜಮಾನರು ವಿಸಿಟರ್ ವೀಸಾಗೆ ಹಾಕುವಾಗ ‘ಹೆಂಡತಿ ಅಲ್ಲಿದ್ದಾಳೆ’ ಅಂತ ಬರೀಲೇಬೇಕು. ನಿಮ್ಮ ಫೈಲ್‌ನಲ್ಲಿ ನೋಡಿದರೆ ಮದುವೆಯೇ ಆಗಿಲ್ಲ. ಎರಡೂ ಅರ್ಜಿ ಹೋಗೋದು ಒಂದೇ ಇಲಾಖೆಗೆ. ಆಗ ಯಾರು ಉತ್ತರ ಕೊಡ್ತಾರೆ? ಆ ಏಜೆಂಟ್ ಅಂತೂ ಫೋನ್ ಎತ್ತಲ್ಲ.

ಎರಡನೆಯದು, ಟೂರಿಸ್ಟ್ ವೀಸಾದಲ್ಲಿ ಕ್ಯಾಶ್ ಕೆಲಸ. ವಿಸಿಟರ್ ವೀಸಾದಲ್ಲಿ ದುಡಿಯೋ ಹಾಗಿಲ್ಲ. ಸಿಕ್ಕಿಬಿದ್ದರೆ ವೀಸಾ ರದ್ದಾಗುತ್ತೆ. ಸಿಕ್ಕಿಬೀಳದಿದ್ದರೂ ನೆಮ್ಮದಿ ಇರಲ್ಲ. ಸಂಬಳ ಕೊಡದೆ ಸತಾಯಿಸೋ ಮಾಲೀಕನಿಗೆ ನಿಮ್ಮ ವೀಸಾ ಏನು ಅಂತ ಗೊತ್ತಿರುತ್ತೆ. ನೀವು ಕಂಪ್ಲೇಂಟ್ ಕೊಡಲ್ಲ ಅಂತಲೂ ಗೊತ್ತಿರುತ್ತೆ. ವಾರಗಟ್ಟಲೆ ದುಡಿದು ಬರಿಗೈಯಲ್ಲಿ ನನ್ನ ಮುಂದೆ ಬಂದು ಕೂತವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಖಾರವಾಗಿ ಹೇಳ್ತಿರೋದು.

ಮೂರನೆಯದು, ‘ಅಲ್ಲೇ ಸ್ಟೂಡೆಂಟ್ ವೀಸಾಗೆ ಬದಲಾಯಿಸೋಣ’ ಅನ್ನೋದು. ಆ ದಾರಿ 2024ರ ಜುಲೈ 1ರಿಂದ ಮುಚ್ಚಿದೆ. ವಿಸಿಟರ್ ವೀಸಾದಲ್ಲಿ ಇಲ್ಲಿರುವವರು ಇಲ್ಲಿಂದಲೇ ಸ್ಟೂಡೆಂಟ್ ವೀಸಾಗೆ ಹಾಕೋಕೆ ಆಗಲ್ಲ. ಇದನ್ನು ಇನ್ನೂ ಮಾರುತ್ತಿರುವ ಏಜೆಂಟ್‌ಗೆ ಒಂದೋ ಕಾನೂನು ಗೊತ್ತಿಲ್ಲ, ಇಲ್ಲಾ ಗೊತ್ತಿದ್ದೂ ನಿಮ್ಮ ದುಡ್ಡು ತಗೊಳ್ತಿದ್ದಾರೆ.

ಈಗ ನಿಮ್ಮ ಕೈಲಿ ಏನಿದೆ ನೋಡಿ. ನೀವು 28 ದಿನದೊಳಗೆ ಅರ್ಜಿ ಹಾಕಿಬಿಡಿ. ವೀಸಾ ಸಿಕ್ಕ ದಿನದಿಂದ ಒಳಗೆ ಬರೋಕೆ 12 ತಿಂಗಳು ಟೈಮ್ ಇರುತ್ತೆ. ನಿಮ್ಮ ಒಂದು ವರ್ಷ ಶುರುವಾಗೋದು ವೀಸಾ ಸಿಕ್ಕ ದಿನ ಅಲ್ಲ, ಇಲ್ಲಿ ಮೊದಲ ಸಲ ಇಳಿದ ದಿನ. ಅಂದರೆ ನಾಳೆಯೇ ವಿಮಾನ ಹತ್ತಬೇಕಾಗಿಲ್ಲ. ಅಷ್ಟರಲ್ಲಿ ಯಜಮಾನರು ಮುಂದಿನ ಬ್ಯಾಲೆಟ್‌ಗೆ ಹಾಕಬಹುದು. ಅವರಿಗೆ 29, ಹಾಗಾಗಿ ವಯಸ್ಸಿನ ತೊಂದರೆ ಈಗಿಲ್ಲ. ಬಂದರೆ ಇಬ್ಬರೂ ಒಟ್ಟಿಗೆ ಹೊರಡಿ. ಬಂದೇ ಬರುತ್ತೆ ಅಂತ ನಾನು ಹೇಳಲ್ಲ, ಅದು ಲಾಟರಿ. ಬರದಿದ್ದರೆ ಏನು ಅಂತ ಇವತ್ತೇ ನೀವಿಬ್ಬರೂ ಕೂತು ಮಾತಾಡಿ. ನೀವು ಒಬ್ಬರೇ ಬರ್ತೀರಾ? ಅವರು ನಡುವೆ ವಿಸಿಟರ್ ವೀಸಾದಲ್ಲಿ ಬಂದು ಜೊತೆಗಿದ್ದು ಹೋಗ್ತಾರಾ? ಅದು ನ್ಯಾಯವಾದ ದಾರಿ. ಆದರೆ ಅವರ ಖರ್ಚಿಗೆ ಊರಿನ ದುಡ್ಡು ಬೇಕು.

ಇನ್ನೊಂದು ಮಾತು. ಮೊದಲ 462 ವೀಸಾ ಜೀವನದಲ್ಲಿ ಒಂದೇ ಸಲ. ಬಂದು ಎರಡು ವಾರಕ್ಕೆ ವಾಪಸ್ ಹೋದರೂ ಗಡಿಯಾರ ನಿಲ್ಲಲ್ಲ. ಸುಮ್ನೆ ಆತುರದಲ್ಲಿ ಬಂದು ಆ ವರ್ಷ ಕಳೆದುಕೊಳ್ಳಬೇಡಿ.

ಧಾರವಾಡ ಪೇಡೆ: ಏನ್ರೀ ಇದು, ಮದುವಿ ಆಗಿ ಆರು ತಿಂಗಳಿಗೇ ಹೆಂಡ್ತಿನ ಒಬ್ಬಾಕೀನ ಅಷ್ಟು ದೂರ ಕಳಸೂದಾ? ಮನ್ಯಾಗ ಹಿರಿಯರು ಇಲ್ಲೇನ್ರೀ?

ಮಂಡ್ಯ ಮಗಳು: ಗಂಡನಿಗೆ ಬ್ಯಾಲೆಟ್ ಬಂದಿದ್ರೆ ಈ ಪ್ರಶ್ನೆ ಕೇಳ್ತಿದ್ರಾ ಸರ್? ದುಬೈಗೆ, ಅಮೆರಿಕಕ್ಕೆ ಮದುವೆಯಾದ ತಿಂಗಳಿಗೇ ಎಷ್ಟು ಗಂಡಸರು ಒಬ್ಬರೇ ಹೋಗಿಲ್ಲ?

ಧಾರವಾಡ ಪೇಡೆ: ಅದು ಬ್ಯಾರೆ, ಇದು ಬ್ಯಾರೆ.

ಮಂಡ್ಯ ಮಗಳು: ಏನು ಬೇರೆ ಅಂತ ಬಿಡಿಸಿ ಹೇಳಿ.

ಕಾಫಿ ತೋಟ: ನಾನೂ ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಚಿಕ್ಕಮಗಳೂರಲ್ಲಿ ಹಣ್ಣು ಕೊಯ್ಯೋಕೆ ಆಳು ಸಿಗ್ತಿಲ್ಲ. ಬಿಇ ಓದಿದ ಮಕ್ಕಳು ಅಲ್ಲಿ ಹೋಗಿ ದ್ರಾಕ್ಷಿ ಕೀಳ್ತಾರಂತೆ. ಅಪ್ಪ-ಅಮ್ಮ ಓದಿಸಿದ್ದು ಇದಕ್ಕಾ?

ಬಂಡಾಬರ್ಗ್ ಕನ್ನಡಿಗ: ಅಣ್ಣ, ನಾನು ಈ ವೀಸಾದಲ್ಲೇ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದ್ದೇನೆ. ಗೆಣಸು ಕೀಳ್ತೀನಿ. ಬೆಳಗ್ಗೆ ಐದಕ್ಕೆ ಎದ್ದು ಹೊಲಕ್ಕೆ. ಸಂಜೆ ಉಗುರು ಸಂದಿಯ ಕೆಂಪು ಮಣ್ಣು ಎಷ್ಟು ಉಜ್ಜಿದರೂ ಹೋಗಲ್ಲ. ಆದರೆ ಪ್ರತಿ ವಾರ ಪೇಸ್ಲಿಪ್ ಬರುತ್ತೆ, ಗಂಟೆ ಲೆಕ್ಕ ಸರಿಯಾಗಿರುತ್ತೆ. ಇದರಲ್ಲಿ ಅವಮಾನ ಏನಿದೆ? ನಿಮ್ಮ ತೋಟದಲ್ಲಿ ಆಳಿಗೆ ಪೇಸ್ಲಿಪ್ ಕೊಡ್ತೀರಾ?

ಕಾಫಿ ತೋಟ: ನಮ್ಮ ತೋಟದ ಬಗ್ಗೆ ನಿಮಗೇನು ಗೊತ್ತು? ಮೂರು ತಲೆಮಾರಿನಿಂದ ಅದೇ ಜನ ನಮ್ಮ ಜೊತೆ ಇದ್ದಾರೆ. ಬಾಯಿಗೆ ಬಂದ ಹಾಗೆ ಬರೀಬೇಡಿ.

ಸಲಹೆಗಾರ್ತಿ: ತೋಟದ ಜಗಳ ಬೇರೆ ಕಡೆ ಆಡಿ. ಕೆಲಸದ ವಿಷಯ ಬಂದಿದ್ದಕ್ಕೆ ಒಂದು ಮಾತು. ಎರಡನೇ ವರ್ಷದ ವೀಸಾ ಬೇಕಾದರೆ ಗೊತ್ತುಪಡಿಸಿದ ಜಾಗಗಳಲ್ಲಿ, ಗೊತ್ತುಪಡಿಸಿದ ಕೆಲಸವನ್ನು 3 ತಿಂಗಳು ಮಾಡಿರಬೇಕು. ಮೂರನೇ ವರ್ಷಕ್ಕೆ ಇನ್ನೂ 6 ತಿಂಗಳು. ಆಗ ಬ್ಯಾಲೆಟ್ ಇಲ್ಲ. ಪೇಸ್ಲಿಪ್ ಒಂದೂ ಬಿಸಾಡಬೇಡಿ. ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ 6 ತಿಂಗಳಿಗಿಂತ ಜಾಸ್ತಿ ಇರೋ ಹಾಗಿಲ್ಲ. ‘ಬುಟ್ಟಿಗಿಷ್ಟು’ ಅಂತ ಕೂಲಿ ಕೊಡೋ ತೋಟದಲ್ಲೂ 2022ರ ಏಪ್ರಿಲ್‌ನಿಂದ ಗಂಟೆಗೆ ಕನಿಷ್ಠ ಕೂಲಿಯ ಖಾತ್ರಿ ಇದೆ. ಕಮ್ಮಿ ಕೊಟ್ಟರೆ ಫೇರ್ ವರ್ಕ್ ಓಂಬುಡ್ಸ್‌ಮನ್‌ಗೆ, ಅಂದರೆ ಕೂಲಿಯ ದೂರು ನೋಡೋ ಇಲ್ಲಿನ ಸರ್ಕಾರಿ ಕಚೇರಿಗೆ, ದೂರು ಕೊಡಿ.

ರಾಯಚೂರು ರೈಲು: ಮೇಡಂ ನನ್ನ ವೀಸಾದಲ್ಲಿ ಹೆಂಡತಿಯನ್ನು ಸೇರಿಸಬಹುದೇ?

ಸಲಹೆಗಾರ್ತಿ: ಇಲ್ಲ. ಮೇಲೆ ಹೇಳಿದ್ದೇನೆ.

ಉಡುಪಿ ಊಟ: ನಮಗೆ ಎರಡು ವರ್ಷದ ಮಗು ಇದೆ. ಇಬ್ಬರಿಗೂ ಬ್ಯಾಲೆಟ್ ಬಂದರೆ ಮಗುನೂ ಕರ್ಕೊಂಡು ಹೋಗಬಹುದಾ? ಇಲ್ಲಾಂದ್ರೆ ಬ್ರಿಟನ್‌ದು ನೋಡೋಣ ಅಂತಿದ್ದೇವೆ.

ಸಲಹೆಗಾರ್ತಿ: ಮಗುವನ್ನು ಜೊತೆಗೆ ಕರೆತರೋ ಹಾಗಿಲ್ಲ. ಬ್ರಿಟನ್‌ನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಇನ್ನೂ ಬಿಗಿ. ಜೊತೆಯಲ್ಲಿರೋ ಅಥವಾ ನೀವು ಸಾಕುತ್ತಿರೋ 18 ವರ್ಷದೊಳಗಿನ ಮಗು ಇದ್ದರೆ ಅರ್ಜಿಯನ್ನೇ ಹಾಕೋಕೆ ಆಗಲ್ಲ. ಅಲ್ಲೂ ಬ್ಯಾಲೆಟ್, ವರ್ಷಕ್ಕೆ 3000 ಜಾಗ, ಡಿಗ್ರಿ ಬೇಕು. 2530 ಪೌಂಡ್ ಉಳಿತಾಯ 28 ದಿನ ಸತತ ಖಾತೆಯಲ್ಲಿರಬೇಕು. ಆರೋಗ್ಯದ ಶುಲ್ಕ ವರ್ಷಕ್ಕೆ 776 ಪೌಂಡ್, ಎರಡು ವರ್ಷದ್ದು ಮೊದಲೇ ಕಟ್ಟಬೇಕು.

ವಿಜಯಪುರ ವಿಮಾನ: ನ್ಯೂಜಿಲೆಂಡ್‌ಗೆ ಹೀಗೇ ಏನಾದ್ರೂ ಇದೆಯಾ ಮೇಡಂ?

ಜಯನಗರ ನಾಲ್ಕನೇ ಬ್ಲಾಕ್: ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ. ‘ದಂಪತಿಗೆ ವಿಶೇಷ ಉಪಾಯ! ಬೇರೆ ಬೇರೆ ಇಮೇಲ್‌ನಿಂದ ಒಬ್ಬರೇ ಐದು ಸಲ ಬ್ಯಾಲೆಟ್‌ಗೆ ಹಾಕಿ. ಸ್ನೇಹಿತರಿಂದ ಒಂದು ದಿನಕ್ಕೆ ಖಾತೆಗೆ 4 ಲಕ್ಷ ಹಾಕಿಸಿಕೊಂಡು ಸ್ಟೇಟ್‌ಮೆಂಟ್ ತೆಗೆಯಿರಿ. ಐಇಎಲ್‌ಟಿಎಸ್ 7 ಇದ್ದವರಿಗೆ ಬ್ಯಾಲೆಟ್‌ನಲ್ಲಿ ಆದ್ಯತೆ.’

ಸಲಹೆಗಾರ್ತಿ: ದಯವಿಟ್ಟು ಇದನ್ನು ಅಳಿಸಿ. ಮೂರೂ ಸುಳ್ಳು. ಒಬ್ಬರಿಗೆ ಒಂದೇ ನೋಂದಣಿ. ಪಾಸ್‌ಪೋರ್ಟೂ ಪ್ಯಾನೂ ಒಂದೇ ಆಗಿರುವಾಗ ಇಮೇಲ್ ಬದಲಾಯಿಸಿ ಏನು ಪ್ರಯೋಜನ? ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಸರಾಸರಿ 4.5 ಸಾಕು. ಬ್ಯಾಲೆಟ್‌ನಲ್ಲಿ ಆದ್ಯತೆ ಅನ್ನೋದೇ ಇಲ್ಲ, ಕಂಪ್ಯೂಟರ್ ಸುಮ್ನೆ ಎತ್ತುತ್ತೆ.

ದುಡ್ಡಿನ ವಿಷಯ ಕೇಳಿ. 5000 ಡಾಲರ್, ಅಂದರೆ ಸುಮಾರು 3 ಲಕ್ಷ ರೂಪಾಯಿ ತೋರಿಸಬೇಕು. ವಾಪಸ್ ಟಿಕೆಟ್‌ನ ದುಡ್ಡು ಬೇರೆ. ಇಬ್ಬರಿದ್ದರೆ ಇಬ್ಬರದ್ದೂ. ನಿಮ್ಮ ಸ್ಟೇಟ್‌ಮೆಂಟ್ ಹೀಗಿದೆ ಅಂದುಕೊಳ್ಳಿ: ಮೂರು ತಿಂಗಳು ಖಾತೆಯಲ್ಲಿ ಹನ್ನೊಂದು ಸಾವಿರ, ನಡುವೆ ಪೆಟ್ರೋಲ್ ಬಂಕು, ರೀಚಾರ್ಜು, ಇಎಂಐ. ಅರ್ಜಿಯ ಹಿಂದಿನ ದಿನ ಒಂದೇ ಸಾಲಿನಲ್ಲಿ 4,00,000 ಜಮಾ. ಫೈಲ್ ನೋಡೋ ಅಧಿಕಾರಿಯ ಕಣ್ಣು ಆ ಸಾಲಿನ ಮೇಲೇ ನಿಲ್ಲುತ್ತೆ. ಅಪ್ಪ ನಿಜವಾಗಿ ಕೊಟ್ಟಿದ್ದರೆ ಕೊಟ್ಟಿದ್ದು ಅಂತ ಪತ್ರ ಬರೆಸಿ, ಅವರ ಖಾತೆಯ ಸ್ಟೇಟ್‌ಮೆಂಟೂ ಇಡಿ. ಸಾಲ ಮಾಡಿ ಒಂದು ದಿನ ಇಟ್ಟು ತೆಗೆಯೋ ಆಟ ಬೇಡ. ಇಲ್ಲಿಗೆ ಬಂದ ಮೊದಲ ತಿಂಗಳು ರೂಮಿನ ಬಾಡಿಗೆಗೆ, ಅಡ್ವಾನ್ಸ್‌ಗೆ ಆ ದುಡ್ಡು ನಿಜವಾಗಿಯೂ ಬೇಕು.

ಜಯನಗರ ನಾಲ್ಕನೇ ಬ್ಲಾಕ್: ನಾನು ಒಳ್ಳೇದಕ್ಕೇ ಹಾಕಿದ್ದು ಮೇಡಂ. ಇಷ್ಟು ಸಿಟ್ಟು ಯಾಕೆ?

ಸಲಹೆಗಾರ್ತಿ: ಇಂಥದ್ದನ್ನು ನಂಬಿದವರ ಅರ್ಜಿ ಬಿದ್ದುಹೋದ ಮೇಲೆ ಅವರು ಅಳೋದು ನನ್ನ ಫೋನ್‌ನಲ್ಲಿ. ಅದಕ್ಕೆ.

ದಾವಣಗೆರೆ ದಾರಿ: ಕೆಲಸಕ್ಕೆ ರಾಜೀನಾಮೆ ಕೊಡೋದಾ, ಇಲ್ಲಾ ಸಂಬಳ ಇಲ್ಲದ ರಜೆ ಕೇಳೋದಾ? ಯಾರಾದ್ರೂ ಹೇಳಿ.

ಬೆಳಗಾವಿ ಬಿಸಿಲು: ಇದೆಲ್ಲ ತಲೆನೋವು ಯಾಕೆ? ಒಬ್ಬರು ಸ್ಟೂಡೆಂಟ್ ವೀಸಾ ಮಾಡಿಸಿ, ಇನ್ನೊಬ್ಬರನ್ನ ಡಿಪೆಂಡೆಂಟ್ ಮಾಡಿ. ಮುಗೀತು.

ಸಲಹೆಗಾರ್ತಿ: ಓದೋ ಮನಸ್ಸು ನಿಜವಾಗಿ ಇದ್ದರೆ ಮಾಡಿ. ಅರ್ಜಿಯ ಫೀ 2000 ಡಾಲರ್. ಒಂದು ವರ್ಷದ ಖರ್ಚಿಗೆ ಓದುವವರಿಗೆ 29,710, ಸಂಗಾತಿಗೆ 10,394 ಡಾಲರ್ ತೋರಿಸಬೇಕು. ಕಾಲೇಜ್ ಫೀಸ್ ಇದರ ಮೇಲೆ. ತಿರುಗಾಡೋಕೆ ಅಂತ ಹೊರಟವರಿಗೆ ಹೇಳೋ ದಾರಿ ಅಲ್ಲ ಇದು.

ಧಾರವಾಡ ಪೇಡೆ: ನೋಡ್ರಿ, ಅದಕ್ಕ ಹೇಳಿದ್ದು ಊರಾಗ ಇರ್ರಿ ಅಂತ.

ಮಂಡ್ಯ ಮಗಳು: ನಿಮ್ಮನ್ನ ಯಾರೂ ಕೇಳಿಲ್ಲ ಸರ್. ಪ್ರಶ್ನೆ ಇದ್ದರೆ ಹಾಕಿ, ಇಲ್ಲಾಂದ್ರೆ ಸುಮ್ನಿರಿ.

ಹಾವೇರಿ ಹಾದಿ: ಹೆಂಡತಿ ಹೆಸರು ಸೇರಿಸೋಕೆ ಯಾವ ಫಾರಂ?

ಸಲಹೆಗಾರ್ತಿ: ಅಂಥ ಫಾರಂ ಇಲ್ಲ.

ಕೋಲಾರ ಚಿನ್ನ: ಏಜೆಂಟ್ ಅಸಲಿನಾ ನಕಲಿನಾ ಅಂತ ತಿಳಿಯೋದು ಹೇಗೆ ಮೇಡಂ?

ಸಲಹೆಗಾರ್ತಿ: ಇಲ್ಲಿ ನೋಂದಾಯಿತ ಏಜೆಂಟ್‌ಗೆ 7 ಅಂಕಿಯ ಎಂಎಆರ್‌ಎನ್ ನಂಬರ್ ಇರುತ್ತೆ. ಅದನ್ನು ಕೇಳಿ, ಸರ್ಕಾರದ ರಿಜಿಸ್ಟರ್‌ನಲ್ಲಿ ಹುಡುಕಿ. ಊರಿನ ಕಚೇರಿಯ ಗೋಡೆ ಮೇಲೆ ಕಾಂಗರೂ ಫೋಟೋ ಇದ್ದರೆ ಏಜೆಂಟ್ ಆಗಲ್ಲ. ‘ಬ್ಯಾಲೆಟ್ ಗ್ಯಾರಂಟಿ’ ಅಂದವರ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ನನ್ನಿಂದಲೂ ಅದು ಆಗಲ್ಲ, ಯಾರಿಂದಲೂ ಆಗಲ್ಲ. ಬ್ಯಾಲೆಟ್‌ಗೆ ಹೆಸರು ಹಾಕೋಕೆ ಏಜೆಂಟೇ ಬೇಕಾಗಿಲ್ಲ. ನೀವೇ ಕೂತು ತುಂಬಬಹುದು.

ಕುಂದಾಪುರ ಕಡಲು: ಅಕ್ಕ, ಏಜೆಂಟ್‌ಗೆ ಬೇಡ ಅಂದ್ವಿ. ಎರಡು ಸಲ ಫೋನ್ ಮಾಡಿ ಬೈದರು. ಇವರು ‘ನೀನು ಅರ್ಜಿ ಹಾಕು, ಉಳಿದದ್ದು ನೋಡೋಣ’ ಅಂದಿದ್ದಾರೆ. ಈಗ ಫಾರಂನಲ್ಲಿ ಮದುವೆ ಅಂತ ಹಾಕಬೇಕಲ್ಲ, ನಾವು ಮ್ಯಾರೇಜ್ ಸರ್ಟಿಫಿಕೇಟ್ ಇನ್ನೂ ಮಾಡಿಸಿಲ್ಲ. ಆಮಂತ್ರಣ ಪತ್ರಿಕೆ, ಹಾಲ್‌ನ ರಸೀದಿ ಇದೆ. ಸಾಕಾ?

ಸಲಹೆಗಾರ್ತಿ: ನಿಮ್ಮ ಈ ಅರ್ಜಿಗೆ ಸರ್ಟಿಫಿಕೇಟ್ ಇಲ್ಲ ಅಂತ ಕೂತಿರಬೇಡಿ. ವಿವಾಹಿತೆ ಅಂತ ನಿಜ ಹೇಳಿ, ಮದುವೆ ದಿನಾಂಕ ಸರಿಯಾಗಿ ಹಾಕಿ, ಅಷ್ಟೇ. ಆದರೆ ಈ ವಾರವೇ ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆ ನೋಂದಾಯಿಸಿ. ಯಜಮಾನರ ವಿಸಿಟರ್ ವೀಸಾಗೆ ಅದು ಕೆಲಸಕ್ಕೆ ಬರುತ್ತೆ. ಕನ್ನಡದಲ್ಲಿ ಮಾತ್ರ ಇರೋ ಕಾಗದ ಯಾವುದಿದ್ದರೂ ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗಿಡಿ. ಅರ್ಜಿ ಕಳಿಸುವಾಗ ನೀವು ಭಾರತದಲ್ಲೇ ಇರಬೇಕು ಅಂತಿಲ್ಲ, ಆಸ್ಟ್ರೇಲಿಯಾದ ಹೊರಗಿದ್ದರೆ ಸಾಕು. ಹಾಗಂತ ಈಗ ಎಲ್ಲೂ ತಿರುಗೋಕೆ ಹೋಗಬೇಡಿ, ದಿನ ಕಮ್ಮಿ ಇದೆ. ಎಲ್ಲ ತುಂಬಿದ ಮೇಲೆ ಕೊನೆಯ ಪುಟದಲ್ಲಿ ಇಬ್ಬರೂ ಕೂತು ಒಂದೊಂದು ಸಾಲು ಓದಿ. ಪಾಸ್‌ಪೋರ್ಟ್ ನಂಬರ್ ಬ್ಯಾಲೆಟ್‌ಗೆ ಕೊಟ್ಟಿದ್ದಕ್ಕೆ ತಾಳೆ ಆಗಬೇಕು. ಪಿಡಿಎಫ್ ಉಳಿಸಿಕೊಳ್ಳಿ. 28ನೇ ದಿನದ ರಾತ್ರಿಗೆ ಇಡಬೇಡಿ, ಕಾರ್ಡ್ ಪೇಮೆಂಟ್ ಕೈಕೊಟ್ಟರೆ ಮತ್ತೆ ಅವಕಾಶ ಇಲ್ಲ. ಈ ಶುಕ್ರವಾರದೊಳಗೆ ಕಟ್ಟಿ ಮುಗಿಸಿ.