ಸಹಾಯ ಬೇಕು: ಡಾಡೊ ಬ್ಲೇಡ್ ಹಾಕಿದರೆ ನಟ್ ಪೂರ್ತಿ ಹಿಡಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವನು. ಭಾವ ಗಲ್ಫ್‌ನಿಂದ ಬರುವಾಗ 8 ಇಂಚಿನ ಡಾಡೊ ಸೆಟ್ (ಅಗಲ ಗ್ರೂವ್ ಕೊಯ್ಯಲು ಒಟ್ಟಿಗೆ ಜೋಡಿಸುವ ಬ್ಲೇಡುಗಳು) ತಂದುಕೊಟ್ಟಿದ್ದಾರೆ. ನನ್ನದು 10 ಇಂಚಿನ ಟೇಬಲ್ ಸಾ (ಮೇಜಿನ ನಡುವೆ ಬ್ಲೇಡ್ ತಿರುಗುವ ಮರ ಕೊಯ್ಯುವ ಮಷೀನು). ಶಾಫ್ಟ್ 5/8 ಇಂಚು, ಬ್ಲೇಡಿನ ತೂತೂ ಅಷ್ಟೇ. ಅಲ್ಲಿಗೆ ತೊಂದರೆ ಇಲ್ಲ.

ಪುಸ್ತಕದ ಕಪಾಟಿಗೆ 18 ಎಂಎಂ ಪ್ಲೈ ಕೂರುವ ಗ್ರೂವ್ ಬೇಕು. ವರ್ನಿಯರ್ ಹಿಡಿದರೆ ಪ್ಲೈ 17.6! (ದುಡ್ಡು ಮಾತ್ರ 18ರದ್ದೇ ಕೊಟ್ಟದ್ದು.) 1/8 ಇಂಚಿನ ಹೊರಗಿನ ಬ್ಲೇಡ್ ಎರಡು, ನಡುವೆ 1/8ರ ಚಿಪ್ಪರ್ (ನಡುವಿನ ಮರ ತೆಗೆಯುವ ಬ್ಲೇಡ್) ಮೂರು, 1/16ರದ್ದು ಒಂದು. ಒಟ್ಟು 17.5 ಎಂಎಂ ಹತ್ತಿರ ಬರುತ್ತದೆ. ತೆಳು ಶಿಮ್ (ಬ್ಲೇಡುಗಳ ನಡುವೆ ಇಡುವ ತೆಳ್ಳಗಿನ ಬಿಲ್ಲೆ) ಒಂದು ಸೇರಿಸಿದರೆ ಆಯ್ತು. ಚಿಪ್ಪರಿನ ಹಲ್ಲು ಪಕ್ಕದ ಬ್ಲೇಡಿನ ಹಲ್ಲಿಗೆ ತಾಗದ ಹಾಗೆ ಸಂದಿಯಲ್ಲೇ ಕೂರಿಸಿದ್ದೇನೆ. ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಲ್ಲುವ ತಗಡು) ತೆಗೆದಾಗಿದೆ.

ಆದರೆ ವಾಷರ್ ಹಾಕಿದ ಮೇಲೆ ನಟ್ ಎರಡೇ ಸುತ್ತು ಹಿಡಿಯುತ್ತದೆ. ಸ್ವಿಚ್ ಒತ್ತಲು ಧೈರ್ಯ ಬರಲಿಲ್ಲ. ಹೊರಗಿನ ವಾಷರ್ ಬಿಟ್ಟು ಬರೀ ನಟ್ ಬಿಗಿದವರು ಯಾರಾದರೂ ಇದ್ದೀರಾ? ಅಥವಾ ಚಿಪ್ಪರ್ ಕಡಿಮೆ ಮಾಡಿ ಎರಡು ಸಲ ಕೊಯ್ಯುವುದೇ ಒಳ್ಳೆಯದಾ? ನನಗಂತೂ ಅದೇ ಸರಿ ಅನಿಸುತ್ತದೆ, ಹೊತ್ತು ಜಾಸ್ತಿ ಹಿಡಿದರೂ ಪರವಾಗಿಲ್ಲ.

ಊರಿನ ಆಚಾರಿಯವರನ್ನು ಕೇಳಿದೆ. "ರೂಟರ್ ಇರುವಾಗ ಇದೆಲ್ಲ ಯಾಕೆ ಮಾರಾಯಾ" ಅಂತ ನಕ್ಕರು. (ರೂಟರ್ ಅಂದರೆ ಗ್ರೂವ್ ಕೊರೆಯುವ ಕೈ ಮಷೀನು.)

ಇನ್ನೊಂದು, ಮೇಜಿನಲ್ಲಿ ಬ್ಲೇಡಿನ ಸುತ್ತ ಕೂರುವ ಪ್ಲೇಟನ್ನು ಡಾಡೊಗೆ ಬೇಕಾದ ಅಗಲ ಸೀಳು ಇಟ್ಟು ಪ್ಲೈಯಲ್ಲೇ ಮಾಡಿಕೊಂಡವರಿದ್ದರೆ ದಯವಿಟ್ಟು ಫೋಟೋ ಹಾಕಿ.